ವಕೀಲರ ಕಲಿಕೆಗೆ ಲೆಕ್ಕ ಕೇಳುವವರು ಯಾರು?

ವಾಸದ ಮನೆಯಲ್ಲಿ ಕಳವು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಪ್ರಕಾರ ಗರಿಷ್ಠ ಏಳು ವರ್ಷ ಶಿಕ್ಷೆ. ಈ ಒಂದೇ ಆರೋಪದ ಮೇಲೆ ಒಬ್ಬಾತ ಜೈಲಿನಲ್ಲಿದ್ದಾನೆ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿಲ್ಲ, ವಿಚಾರಣೆ ಮುಗಿಯುವ ಲಕ್ಷಣವೂ ಇಲ್ಲ ಎಂದಿಟ್ಟುಕೊಳ್ಳಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 436ಎ ಕಲಂ ಇದ್ದಾಗ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಅಂದರೆ 42 ತಿಂಗಳು ಕಳೆದ ಮೇಲೆ ಆತನ ಬಿಡುಗಡೆ ಕೇಳಬಹುದಿತ್ತು. ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ, ಹಿಂದೆ ಶಿಕ್ಷೆಯಾಗದವರಿಗೆ ಆ ಅವಧಿಯನ್ನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಲೆಕ್ಕ ಹಾಕಿದರೆ 28 ತಿಂಗಳು. ಆತನ ವಕೀಲರ ತಲೆಯಲ್ಲಿ ಇನ್ನೂ 436ಎ ಕಲಮೇ ಕೂತಿದ್ದರೆ, ನಡುವಿನ ಹದಿನಾಲ್ಕು ತಿಂಗಳನ್ನು ಆತ ಸೆರೆಮನೆಯಲ್ಲೇ ಕಳೆಯಬೇಕಾದೀತು.

ಅರ್ಹ ಕೈದಿಗಳ ಪರವಾಗಿ ಜೈಲು ಸೂಪರಿಂಟೆಂಡೆಂಟರೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು ಎಂದು ಅದೇ ಕಲಂ ಹೇಳುತ್ತದೆ. ಈ ಲಾಭ 2024ರ ಜುಲೈಗಿಂತ ಮೊದಲಿನ ಪ್ರಕರಣಗಳ ವಿಚಾರಣಾಧೀನ ಕೈದಿಗಳಿಗೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಆದರೂ ವಕೀಲರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಒಂದಕ್ಕಿಂತ ಹೆಚ್ಚು ಅಪರಾಧಗಳ ಅಥವಾ ಹಲವು ಪ್ರಕರಣಗಳ ವಿಚಾರಣೆ ಬಾಕಿ ಇರುವವರಿಗೆ ಈ ಬಿಡುಗಡೆ ಇಲ್ಲ ಎನ್ನುತ್ತದೆ ಎರಡನೇ ಉಪಕಲಂ. ನಮ್ಮ ದೋಷಾರೋಪ ಪಟ್ಟಿಗಳಲ್ಲಿ ಒಂದೇ ಘಟನೆಗೆ ಮೂರು ನಾಲ್ಕು ಕಲಂ ಹಚ್ಚುವುದು ಮಾಮೂಲು. ಅಂಥ ಕಡೆ ಉಪಕಲಂನ ಅರ್ಥ ಎಲ್ಲಿಯವರೆಗೆ ಹೋಗುತ್ತದೆ ಎಂದು ನ್ಯಾಯಾಧೀಶರ ಮುಂದೆ ವಾದಿಸಬೇಕಾದವರು ವಕೀಲರೇ. ಕಲಂ ಓದಿರದವರು ಏನು ವಾದಿಸಿಯಾರು?

ಇಂಥ ಕಲಂಗಳನ್ನು ವಕಾಲತ್ತು ಹಾಕಿದ ವಕೀಲರು ಓದಿದ್ದಾರೆಯೇ, ಹೊಸ ಕಾನೂನಿನ ಒಂದಾದರೂ ತರಗತಿಗೆ ಕೂತಿದ್ದಾರೆಯೇ ಎಂದು ಭಾರತದಲ್ಲಿ ಕೇಳುವ ವ್ಯವಸ್ಥೆ ಯಾವುದೂ ಇಲ್ಲ. ಪದವಿ ಮುಗಿಸಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ಬಾರ್ ಪರೀಕ್ಷೆಯನ್ನು ಒಮ್ಮೆ ಪಾಸು ಮಾಡಿದರೆ ಮುಂದಿನ ನಲವತ್ತು ಐವತ್ತು ವರ್ಷ ಯಾವ ನ್ಯಾಯಾಲಯದಲ್ಲಾದರೂ ನಿಂತು ವಾದಿಸಬಹುದು. 2011ರ ಮಾರ್ಚಿನಲ್ಲಿ ಮೊದಲು ನಡೆದ ಆ ಪರೀಕ್ಷೆಯನ್ನು 2009-10ರ ಶೈಕ್ಷಣಿಕ ವರ್ಷಕ್ಕಿಂತ ಮೊದಲು ಪದವಿ ಮುಗಿಸಿದವರು ಬರೆಯಬೇಕಿರಲಿಲ್ಲ. ಭಾರತೀಯ ವಕೀಲರ ಪರಿಷತ್ತು 2015ರಲ್ಲಿ ವೃತ್ತಿ ಪ್ರಮಾಣಪತ್ರದ ಪರಿಶೀಲನೆಗೆ ನಿಯಮಗಳನ್ನು ತಂದಿತು. ಐದು ವರ್ಷಕ್ಕೊಮ್ಮೆ ನವೀಕರಣ ಎಂಬ ಕಲ್ಪನೆ ಅದರಲ್ಲಿದೆ. ಆದರೆ ಅದರ ಕಣ್ಣಿರುವುದು ನಕಲಿ ಪದವಿಗಳ ಮೇಲೆ, ವೃತ್ತಿ ಬಿಟ್ಟು ಬೇರೆ ಉದ್ಯೋಗಕ್ಕೆ ಹೋದವರ ಮೇಲೆ. ಈ ಐದು ವರ್ಷದಲ್ಲಿ ಏನು ಕಲಿತಿರಿ ಎಂಬ ಪ್ರಶ್ನೆ ಅದರಲ್ಲಿಲ್ಲ.

ಪಕ್ಕದ ವೃತ್ತಿಗಳ ಕಡೆ ನೋಡಿ. ಪ್ರಾಕ್ಟೀಸ್ ಮಾಡುವ ಲೆಕ್ಕಪರಿಶೋಧಕರು ಮೂರು ವರ್ಷದ ಅವಧಿಯಲ್ಲಿ 120 ಗಂಟೆಗಳ ಕಲಿಕೆ ತೋರಿಸಬೇಕು (ಅರವತ್ತು ದಾಟಿದವರಿಗೆ ಕಡಿಮೆ). ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ನಿರಂತರ ವೈದ್ಯಕೀಯ ಶಿಕ್ಷಣ ಪಡೆಯಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳೇ ಹೇಳಿವೆ. ಪಾಲನೆ ಎಲ್ಲೆಡೆ ಒಂದೇ ಸಮ ಇಲ್ಲದಿರಬಹುದು, ಆದರೆ ಕೇಳುವ ಹಕ್ಕು ಒಂದು ಸಂಸ್ಥೆಗಿದೆ ಎಂಬುದು ಅಲ್ಲಿ ತೀರ್ಮಾನವಾಗಿದೆ. ವಕೀಲರ ವಿಷಯದಲ್ಲಿ ಅಷ್ಟೂ ಆಗಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕೋರ್ಟ್ ಹಾಲಿನೊಳಗಿನ ಅಸಮತೋಲನ. ಮೂರು ಹೊಸ ಅಪರಾಧ ಕಾನೂನುಗಳು ಬರುವ ಮುನ್ನ ಪೊಲೀಸರಿಗೆ ತರಬೇತಿ ಕೊಡಲಾಯಿತು. ಸರ್ಕಾರಿ ಅಭಿಯೋಜಕರಿಗೂ ಕೊಡಲಾಯಿತು. ನ್ಯಾಯಾಧೀಶರಿಗೆ ಭೋಪಾಲಿನಲ್ಲಿ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿ ಇದೆ, ಬೆಂಗಳೂರಿನಲ್ಲಿ ಕರ್ನಾಟಕ ನ್ಯಾಯಾಂಗ ಅಕಾಡೆಮಿ ಇದೆ. ಆರೋಪಿಯ ಪರ ನಿಲ್ಲುವ ವಕೀಲರಿಗೆ ಮಾತ್ರ ಅದು ಅವರವರ ಆಸಕ್ತಿಗೆ ಬಿಟ್ಟ ಸಂಗತಿಯಾಯಿತು. ವಕೀಲರ ಸಂಘದ ಸಭಾಂಗಣದಲ್ಲಿ ಉಪನ್ಯಾಸ ಇದ್ದರೆ, ಅವತ್ತು ಕೇಸು ಇಲ್ಲದಿದ್ದರೆ, ಮನಸ್ಸು ಬಂದರೆ ಹೋಗಬಹುದಿತ್ತು. ತನ್ನ ಇಷ್ಟದ ವಕೀಲರ ಮೂಲಕ ವಾದ ಮಂಡಿಸುವ ಹಕ್ಕನ್ನು ಬಂಧಿತನಿಗೆ ಕೊಟ್ಟ ಸಂವಿಧಾನದ 22ನೇ ವಿಧಿ, ಎದುರಿನವರಿಗೆ ತರಬೇತಿ ಕೊಟ್ಟು ಈತನ ವಕೀಲರನ್ನು ಬಿಟ್ಟುಬಿಡುವ ವ್ಯವಸ್ಥೆಯನ್ನು ಬಯಸಿರಲಾರದು.

ಕಾನೂನು ತಿಳಿಯದ ವಕೀಲರಿಂದ ನಷ್ಟವಾದರೆ ಕಕ್ಷಿದಾರ ಎಲ್ಲಿಗೆ ಹೋಗಬೇಕು? ಗ್ರಾಹಕ ನ್ಯಾಯಾಲಯದ ಬಾಗಿಲು 2024ರ ಮೇ 14ರಂದು ಮುಚ್ಚಿತು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಆ ದಿನ ತೀರ್ಪು ಕೊಟ್ಟಿತು. ವಕೀಲರ ಪರಿಷತ್ತಿನ ಶಿಸ್ತು ಸಮಿತಿಗೆ ದೂರು ಕೊಡಬಹುದು. ಆದರೆ ನೈತಿಕ ಅಧಃಪತನ ಬೆರೆಯದ ಬರೀ ನಿರ್ಲಕ್ಷ್ಯ ವೃತ್ತಿ ದುರ್ನಡತೆ ಆಗುವುದಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ದಶಕಗಳ ಹಿಂದೆಯೇ ತಳೆದಿದೆ. ಅಲ್ಲಿ ಆರೋಪ ಇದ್ದದ್ದೇ ತಪ್ಪು ಕಾನೂನು ಸಲಹೆಯ ಬಗ್ಗೆ. ಸಿವಿಲ್ ದಾವೆಯ ದಾರಿ ಹೆಸರಿಗೆ ತೆರೆದಿದೆ. ಒಂದು ಕೇಸಿನಲ್ಲಿ ಸೋತು ಸುಸ್ತಾದವನು ತನ್ನ ವಕೀಲರ ಮೇಲೆ ಇನ್ನೊಂದು ಕೇಸು ಹೂಡಲು ಮತ್ತೊಬ್ಬ ವಕೀಲರನ್ನು ಹುಡುಕಿಕೊಂಡು ಹೋಗುವುದನ್ನು ನಾವು ಎಷ್ಟು ಕಂಡಿದ್ದೇವೆ? ಈ ತೀರ್ಪುಗಳಿಗೆ ಅವುಗಳದೇ ಆದ ಕಾರಣಗಳಿವೆ, ವಕೀಲರು ನಿರ್ಭಯವಾಗಿ ಕೆಲಸ ಮಾಡಬೇಕೆಂಬ ಕಾಳಜಿಯೂ ಅವುಗಳಲ್ಲಿದೆ. ನಾನು ಹೇಳುವುದು ಇಷ್ಟೇ: ತಪ್ಪಾದ ಮೇಲೆ ಪರಿಹಾರ ಸಿಗುವುದು ಇಷ್ಟು ಕಷ್ಟವಾಗಿರುವಾಗ, ತಪ್ಪಾಗದಂತೆ ಮೊದಲೇ ನೋಡಿಕೊಳ್ಳುವ ಹೊಣೆ ವೃತ್ತಿಯ ಮೇಲೆ ಇನ್ನಷ್ಟು ಭಾರವಾಗಿ ಬೀಳುತ್ತದೆ.

"ದಿನಾ ಕೋರ್ಟಿನಲ್ಲೇ ಕಲಿಯುತ್ತೇವಲ್ಲ" ಎಂಬ ಮಾತನ್ನು ಹಿರಿಯ ವಕೀಲರು ಆಗಾಗ ಹೇಳುತ್ತಾರೆ. ಅದರಲ್ಲಿ ಹುರುಳಿದೆ. ಪಾಟೀಸವಾಲು ಮಾಡುವುದನ್ನು, ಸಾಕ್ಷಿಯ ಮುಖ ಓದುವುದನ್ನು, ನ್ಯಾಯಾಧೀಶರು ಯಾವ ಪ್ರಶ್ನೆ ಕೇಳುತ್ತಾರೆಂದು ಊಹಿಸುವುದನ್ನು ಯಾವ ತರಗತಿಯೂ ಕಲಿಸಲಾರದು. ಆದರೆ ಅನುಭವ ಹೇಳಿಕೊಡುವುದು ನಿನ್ನೆಯವರೆಗಿನ ಕಾನೂನನ್ನು. ಮೊಬೈಲಿನ ವಿಡಿಯೊ ಒಂದನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಉದಾಹರಣೆ ತೆಗೆದುಕೊಳ್ಳಿ. ಇಂಥ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಕೊಡಬೇಕಿದ್ದ, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಂನ ಪ್ರಮಾಣಪತ್ರವನ್ನು ನೂರಾರು ಸಲ ಟೈಪ್ ಮಾಡಿಸಿದ ವಕೀಲರ ಬಳಿ ಅದರ ಮಾದರಿ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತದೆ. ಆ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಈಗ ನಿಗದಿತ ನಮೂನೆಯನ್ನೇ ಕೊಟ್ಟಿದೆ. ಅದರ ಮೊದಲ ಭಾಗವನ್ನು ಸಾಕ್ಷ್ಯ ಹಾಜರುಪಡಿಸುವವರು ತುಂಬಬೇಕು, ಎರಡನೆಯದನ್ನು ತಜ್ಞರು. ಎರಡರಲ್ಲೂ ಆ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು, ಅದನ್ನು ಯಾವ ವಿಧಾನದಲ್ಲಿ ತೆಗೆದದ್ದು ಎಂದು ಗುರುತು ಹಾಕಬೇಕು. ಹ್ಯಾಶ್ ಅಂದರೆ ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಪೂರ್ತಿ ಬೇರೆಯಾಗಿಬಿಡುವ, ಅಂಕಿ ಅಕ್ಷರಗಳ ಉದ್ದನೆಯ ಸಾಲು. ಹಳೆಯ ಮಾದರಿಯಲ್ಲಿ ಹೆಸರು ದಿನಾಂಕ ಬದಲಿಸಿ ಸಲ್ಲಿಸಿದರೆ ಎದುರು ವಕೀಲರು ತಕ್ಷಣ ತಕರಾರು ಎತ್ತುತ್ತಾರೆ. ಮೂವತ್ತು ವರ್ಷದ ಸರ್ವಿಸ್ ಇಲ್ಲಿ ನೆರವಿಗೆ ಬರುವುದಿಲ್ಲ. ಕೈಗೆ ಅಂಟಿದ ರೂಢಿಯೇ ಅಡ್ಡ ಬರುವುದುಂಟು.

ಸಿವಿಲ್ ಕಡೆಯೂ ಇದೇ ಕತೆ. ತುರ್ತು ಪರಿಹಾರ ಕೇಳದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ, ಹೋಗದಿದ್ದರೆ ದಾವಾಪತ್ರವೇ ತಿರಸ್ಕೃತ ಎಂದು ಸುಪ್ರೀಂ ಕೋರ್ಟ್ 2022ರ ಆಗಸ್ಟಿನಲ್ಲಿ ಹೇಳಿತು. ಅದೇ ಬಗೆಯ ದಾವೆಯಲ್ಲಿ ಸಮನ್ಸ್ ಕೈಸೇರಿ 120 ದಿನ ದಾಟಿದರೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ಗ್ರಾಹಕ ಪ್ರಕರಣದಲ್ಲಿ ಆ ಮಿತಿ 45 ದಿನ. ಸಾಮಾನ್ಯ ದಾವೆಗಳಲ್ಲಿ ಕಾರಣ ತೋರಿಸಿ ಸಮಯ ಕೇಳಿ ಅಭ್ಯಾಸವಾದವರಿಗೆ ಈ ಗಡುವುಗಳು ಎಡವಿದ ಮೇಲೆಯೇ ಗೊತ್ತಾಗುತ್ತವೆ, ಬೆಲೆ ತೆರುವವನು ಕಕ್ಷಿದಾರ.

ಕಲಿಕೆಯನ್ನು ಕಡ್ಡಾಯ ಮಾಡಲು ಪರಿಷತ್ತಿಗೆ ಅಧಿಕಾರವಿದೆಯೇ? ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆಗೆ ಉತ್ತರ ಅನುಮಾನದ್ದಾಗಿತ್ತು. 1961ರ ವಕೀಲರ ಕಾಯ್ದೆಯ 24ನೇ ಕಲಂನಲ್ಲಿ ಮೊದಲು ತರಬೇತಿ, ಪರೀಕ್ಷೆಗಳ ಷರತ್ತಿತ್ತು, 1973ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅದೇ ಕಾರಣ ಕೊಟ್ಟು, ಹೊಸ ವಕೀಲರಿಗೆ ನೋಂದಣಿಗೂ ಮುನ್ನ ತರಬೇತಿ ಕಡ್ಡಾಯ ಮಾಡಿದ್ದ ಪರಿಷತ್ತಿನ ನಿಯಮಗಳನ್ನು ಸುಪ್ರೀಂ ಕೋರ್ಟ್ 1999ರಲ್ಲಿ ವಿ. ಸುದೀರ್ ಪ್ರಕರಣದಲ್ಲಿ ರದ್ದು ಮಾಡಿತು. 2023ರ ಫೆಬ್ರುವರಿ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ನಿಲುವನ್ನು ಒಪ್ಪಲಿಲ್ಲ. ಬಾರ್ ಪರೀಕ್ಷೆಯನ್ನು ಎತ್ತಿಹಿಡಿಯುತ್ತ, ವೃತ್ತಿಯ ಗುಣಮಟ್ಟ ಕಾಯುವ ಪರಿಷತ್ತಿನ ಅಧಿಕಾರ ಸಾಕಷ್ಟು ವಿಶಾಲವಾಗಿದೆ ಎಂದಿತು. ಯಾವ ಷರತ್ತುಗಳಿಗೆ ಒಳಪಟ್ಟು ವಕೀಲರು ವೃತ್ತಿ ನಡೆಸಬೇಕು ಎಂದು ನಿಯಮ ಮಾಡುವ ಅಧಿಕಾರ ಕಾಯ್ದೆಯ 49ನೇ ಕಲಂನಲ್ಲಿ ಇದೆ. ಎರಡನ್ನೂ ಕೂಡಿಸಿ ಓದಿದರೆ, ನಿರಂತರ ಕಲಿಕೆಯ ನಿಯಮ ಮಾಡಲು ಕಾನೂನಿನ ಅಡ್ಡಿ ಉಳಿದಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಶ್ನಿಸುವವರು ಇದ್ದೇ ಇರುತ್ತಾರೆ, ಪ್ರಶ್ನಿಸಲಿ.

ಹಾಗಾದರೆ ವರ್ಷಕ್ಕೆ ಇಷ್ಟು ಗಂಟೆ ಎಂದು ಗೊತ್ತುಮಾಡಿ ಕೈತೊಳೆದುಕೊಳ್ಳೋಣವೇ? ಹೊರದೇಶಗಳ ಅನುಭವವನ್ನು ಇಲ್ಲಿ ಎಚ್ಚರದಿಂದ ಓದಬೇಕು. ಅಮೆರಿಕದಲ್ಲಿ ಮಿನ್ನೆಸೋಟ ಮತ್ತು ಅಯೋವಾ 1975ರಲ್ಲಿ ಈ ಪದ್ಧತಿ ಶುರು ಮಾಡಿದವು, ಇಂದು ಬಹುಪಾಲು ರಾಜ್ಯಗಳಲ್ಲಿ ಅದು ಇದೆ. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷಕ್ಕೆ 25 ಗಂಟೆ, ನ್ಯೂಯಾರ್ಕಿನಲ್ಲಿ ಎರಡು ವರ್ಷಕ್ಕೆ 24. ತರಗತಿಗೆ ಕೂರದೆಯೇ ಕೂತಿದ್ದೇವೆಂದು ಸಹಿ ಹಾಕಿದ ವಕೀಲರು ಕ್ಯಾಲಿಫೋರ್ನಿಯಾದ ತಪಾಸಣೆಯಲ್ಲಿ ಸಿಕ್ಕಿಬಿದ್ದು ಶಿಸ್ತುಕ್ರಮ ಎದುರಿಸಿದ್ದಾರೆ. ಅರ್ಧ ಶತಮಾನದ ಬಳಿಕವೂ ಗಂಟೆಗಳ ನಿಯಮದಿಂದ ವಕೀಲರ ಮೇಲಿನ ದೂರು ಕಡಿಮೆಯಾಯಿತೆಂದು ಗಟ್ಟಿಯಾಗಿ ತೋರಿಸುವ ಪುರಾವೆಯನ್ನು ಅದರ ಬೆಂಬಲಿಗರು ಮುಂದಿಟ್ಟಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ ಎಂಬ ವರ್ಗದ ವಕೀಲರಿಗೆ ವರ್ಷಕ್ಕೆ 16 ಗಂಟೆ ಎಂದಿತ್ತು. 2016ರ ನವೆಂಬರ್ 1ರಿಂದ ಅದನ್ನು ಕೈಬಿಟ್ಟರು. ಈಗ ಪ್ರತಿಯೊಬ್ಬರೂ ತಮ್ಮ ಕೆಲಸದ ಕೊರತೆ ಏನೆಂದು ತಾವೇ ಯೋಚಿಸಿ, ಅದಕ್ಕೆ ತಕ್ಕಂತೆ ಕಲಿತು, ಪ್ರಮಾಣಪತ್ರ ನವೀಕರಿಸುವಾಗ ಹಾಗೆಂದು ಘೋಷಿಸಬೇಕು. ಕೇಳಲು ಚೆನ್ನಾಗಿದೆ. ಆದರೆ ಬರೀ ಘೋಷಣೆಯನ್ನು ನಂಬಿ ಕೂರಲಾಗದು ಎಂಬ ಕಸಿವಿಸಿ ಅಲ್ಲೂ ಶುರುವಾಗಿ, 2022ರಲ್ಲಿ ಮೇಲಿನ ನಿಯಂತ್ರಣ ಮಂಡಳಿ, ವೃತ್ತಿಯ ಉದ್ದಕ್ಕೂ ಸಾಮರ್ಥ್ಯ ಉಳಿದಿದೆಯೇ ಎಂದು ನೋಡಿಕೊಳ್ಳುವಂತೆ ಎಲ್ಲ ನಿಯಂತ್ರಕರಿಗೂ ನೀತಿಯೊಂದನ್ನು ಹೊರಡಿಸಿತು. ಆಸ್ಟ್ರೇಲಿಯದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ ವರ್ಷಕ್ಕೆ ಹತ್ತು ಅಂಕ, ಅದರಲ್ಲಿ ವೃತ್ತಿ ನೀತಿ, ಕಚೇರಿ ನಿರ್ವಹಣೆ, ವೃತ್ತಿ ಕೌಶಲ, ಕಾನೂನು ಈ ನಾಲ್ಕರಲ್ಲೂ ಕನಿಷ್ಠ ಒಂದೊಂದು ಅಂಕ ಇರಬೇಕು. ಅಂಕಗಳ ಮೊತ್ತ ಚಿಕ್ಕದು, ಆದರೆ ತನಗೆ ಇಷ್ಟವಾದದ್ದನ್ನಷ್ಟೇ ಕೇಳಿ ಎದ್ದುಹೋಗುವಂತಿಲ್ಲ.

ಈ ಎಲ್ಲ ಕಡೆಗಳಿಂದ ನಾನು ತೆಗೆದುಕೊಳ್ಳುವ ಪಾಠ ಹೀಗಿದೆ. ಕಡ್ಡಾಯ ಬೇಕು, ಯಾಕೆಂದರೆ ಸ್ವಯಂಪ್ರೇರಣೆಗೆ ಬಿಟ್ಟರೆ ಬರುವವರು ಹೇಗೂ ಓದಿಕೊಳ್ಳುವವರೇ. ಆದರೆ ಅಳೆಯಬೇಕಾದ್ದು ಕುರ್ಚಿಯಲ್ಲಿ ಕೂತ ಹೊತ್ತನ್ನಲ್ಲ, ಬರೆದ ಕಾಗದವನ್ನು. ಜಾಮೀನು ಅರ್ಜಿಯ ತರಗತಿಗೆ ಬಂದವರು ಹೊರಹೋಗುವ ಮುನ್ನ ಹೊಸ ಕಲಂಗಳಡಿ ಒಂದು ಅರ್ಜಿ ಬರೆದು ತೋರಿಸಲಿ, ಸಾಕ್ಷ್ಯದ ತರಗತಿಯವರು 63ನೇ ಕಲಂನ ನಮೂನೆ ತುಂಬಿ ತೋರಿಸಲಿ. ಯಾರಾದರೊಬ್ಬರು ಅದನ್ನು ತಿದ್ದಿ ಕೊಡಲಿ. ಇದಕ್ಕೆ ಎರಡು ಗಂಟೆ ಸಾಕು, ಮತ್ತು ಹಾಜರಿ ಪುಸ್ತಕದಲ್ಲಿ ಪರರ ಸಹಿ ಹಾಕಿ ಇದನ್ನು ದಾಟಲಾಗದು.

ನಮ್ಮ ತಾಲ್ಲೂಕು ಕೋರ್ಟುಗಳನ್ನು ಕಣ್ಣೆದುರು ಇಟ್ಟುಕೊಂಡು ಯೋಚಿಸದಿದ್ದರೆ ಇದು ದೊಡ್ಡ ನಗರದ ವಕೀಲರ ಅನುಕೂಲವಾಗಿಬಿಡುತ್ತದೆ. ತಾರಾ ಹೋಟೆಲಿನ ಸಭಾಂಗಣದಲ್ಲಿ ಇಂಗ್ಲಿಷಿನಲ್ಲಿ ನಡೆಯುವ ವಾಣಿಜ್ಯ ಮಧ್ಯಸ್ಥಿಕೆಯ ಸಮ್ಮೇಳನ, ಸುರಪುರದಲ್ಲೋ ಹೊಸನಗರದಲ್ಲೋ ಪಾಲುದಾವೆ, ಜೀವನಾಂಶ, ಚೆಕ್ ಬೌನ್ಸ್ ಕೇಸು ನಡೆಸುವವರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಅಲ್ಲಿನ ಅರ್ಜಿಗಳು, ಸಾಕ್ಷಿಗಳ ಹೇಳಿಕೆಗಳು ಕನ್ನಡದಲ್ಲಿರುವಾಗ ಕಲಿಕೆಯೂ ಕನ್ನಡದಲ್ಲೇ ಆಗಬೇಕು. ಸುಪ್ರೀಂ ಕೋರ್ಟಿನ ಹಲವು ತೀರ್ಪುಗಳು ಕನ್ನಡಕ್ಕೆ ಅನುವಾದಗೊಂಡು ಅಂತರ್ಜಾಲದಲ್ಲಿ ಸಿಗುತ್ತಿವೆ. ಅವನ್ನು ಮುಂದಿಟ್ಟುಕೊಂಡು ಸಂಘದ ಗ್ರಂಥಾಲಯದಲ್ಲೇ ಕೂತು ಚರ್ಚಿಸಬಹುದು. ಸೀನಿಯರ್ ಇಲ್ಲದೆ ಸ್ವಂತ ಬಲದಲ್ಲಿ ವೃತ್ತಿಗೆ ಬಂದ ಮೊದಲ ತಲೆಮಾರಿನ ವಕೀಲರಿಗೆ, ಹೆರಿಗೆ ಮತ್ತು ಮಕ್ಕಳ ಪಾಲನೆಗೆ ಕೆಲವು ವರ್ಷ ಬಿಟ್ಟು ಮರಳಿ ಬರುವ ಮಹಿಳಾ ವಕೀಲರಿಗೆ ಇಂಥದ್ದೊಂದು ವ್ಯವಸ್ಥೆ ಹೊರೆಗಿಂತ ಹೆಚ್ಚಾಗಿ ಆಸರೆಯಾಗುತ್ತದೆ. ಈ ಚರ್ಚೆಯಲ್ಲಿ ಅವರ ದನಿ ಕೇಳಿಸುವುದೇ ಕಡಿಮೆ.

ತಂತ್ರಜ್ಞಾನದ ತರಗತಿಯನ್ನು ಮುಂದೂಡುವಂತಿಲ್ಲ. 2023ರ ಜೂನಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಸೃಷ್ಟಿಸಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಅದು ಎಲ್ಲೋ ದೂರದ ಮಾತು ಎನ್ನುವ ಹಾಗಿಲ್ಲ. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಕಾಣಿಸಿಕೊಂಡು, ಆ ಆದೇಶವನ್ನೇ ಹಿಂಪಡೆಯಬೇಕಾಯಿತು. ಸಿಕ್ಕ ಉಲ್ಲೇಖವನ್ನು ಮೂಲ ವರದಿಯಲ್ಲಿ ತೆರೆದು ನೋಡಿ ಖಚಿತಪಡಿಸಿಕೊಳ್ಳುವ ಶಿಸ್ತನ್ನು ಅರ್ಧ ದಿನದಲ್ಲಿ ಕಲಿಸಬಹುದು.

ಇನ್ನು ಯಾರು ನಡೆಸಬೇಕು, ಹಣ ಎಲ್ಲಿಂದ ಎಂಬ ಪ್ರಶ್ನೆ. ರಾಜ್ಯ ಪರಿಷತ್ತಿನ ಸದಸ್ಯರನ್ನು ಆರಿಸುವವರು ವಕೀಲರೇ. ಮತ ಹಾಕುವವರಿಗೆ ಪರೀಕ್ಷೆ ಇಡುವುದು ಯಾವ ಚುನಾಯಿತರಿಗೂ ಸುಲಭವಲ್ಲ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವಕೀಲರ ಕಾಯ್ದೆಯ ತಿದ್ದುಪಡಿ ಕರಡು, ಮುಷ್ಕರ ನಿಷೇಧದಂಥ ಅಂಶಗಳಿಂದ ದೇಶದುದ್ದಕ್ಕೂ ಪ್ರತಿಭಟನೆ ಎದುರಿಸಿ ಕೆಲವೇ ದಿನಗಳಲ್ಲಿ ಮರುಪರಿಶೀಲನೆಗೆ ಹೋಯಿತು. ವೃತ್ತಿಯ ಸ್ವಾತಂತ್ರ್ಯಕ್ಕೆ ಸರ್ಕಾರ ಕೈಹಾಕುತ್ತದೆಂಬ ವಕೀಲರ ಆತಂಕ ಸುಳ್ಳಲ್ಲ. ಹಾಗಾಗಿ ಕಲಿಕೆಯ ಮೇಲುಸ್ತುವಾರಿ ಸರ್ಕಾರದ ಕೈಗೂ ಹೋಗಬಾರದು, ಪರಿಷತ್ತೊಂದರಲ್ಲೇ ಉಳಿಯಲೂಬಾರದು. ಹೈಕೋರ್ಟ್, ಪರಿಷತ್ತು, ಕಾನೂನು ವಿಶ್ವವಿದ್ಯಾಲಯ ಮೂರೂ ಸೇರಿದ ಸಮಿತಿ ಇರಬೇಕು ಎನ್ನುತ್ತೇನೆ. ಕೇರಳದ ಪರಿಷತ್ತು ನಿರಂತರ ಕಾನೂನು ಶಿಕ್ಷಣಕ್ಕೆಂದೇ ಎಂ.ಕೆ. ನಂಬಿಯಾರ್ ಹೆಸರಿನಲ್ಲಿ ಅಕಾಡೆಮಿ ಕಟ್ಟಿದೆ, ಅಂದರೆ ಮನಸ್ಸಿದ್ದರೆ ದಾರಿಯಿದೆ. ಹಣದ ಇಕ್ಕಟ್ಟು ಮಾತ್ರ ನಿಜವಾದದ್ದು. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ ಮೀರಬಾರದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿದ ಮೇಲೆ ಪರಿಷತ್ತುಗಳ ಆದಾಯ ಕುಗ್ಗಿದೆ. ಆ ತೀರ್ಪು ಬಡ ಮನೆಯ ಮಕ್ಕಳಿಗೆ ಬಾಗಿಲು ತೆರೆದದ್ದು. ಕಲಿಕೆಯ ಶುಲ್ಕದ ಹೆಸರಿನಲ್ಲಿ ಅದೇ ಬಾಗಿಲನ್ನು ಮತ್ತೆ ಮುಚ್ಚುವುದಾದರೆ ಈ ಯೋಜನೆಯೇ ಬೇಡ. ಕನಿಷ್ಠ ಮೊದಲ ಹತ್ತು ವರ್ಷದ ವಕೀಲರಿಗೆ ಇದು ಉಚಿತವಾಗಿರಬೇಕು.

ಎಲ್ಲ ವಕೀಲರಿಗೂ ಅನ್ವಯಿಸುವ ನಿಯಮ ಬರುವುದು ತಡವಾಗಬಹುದು. ಅದಕ್ಕೆ ಕಾಯದೆ ಶುರು ಮಾಡಬಹುದಾದ ಜಾಗವೊಂದಿದೆ: ಉಚಿತ ಕಾನೂನು ನೆರವಿನ ವಕೀಲರ ಪಟ್ಟಿ. ಇಲ್ಲಿ ಕಕ್ಷಿದಾರನಿಗೆ ಆಯ್ಕೆ ಇರುವುದು ಕಡಿಮೆ, ವಕೀಲರನ್ನು ನೇಮಿಸುವುದು ಕಾನೂನು ಸೇವಾ ಪ್ರಾಧಿಕಾರ, ಹಣ ಕೊಡುವುದು ಸಾರ್ವಜನಿಕ ನಿಧಿ. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆ ಇರುವ ಪ್ರಕರಣಗಳಲ್ಲಿ ಕನಿಷ್ಠ ಹತ್ತು ವರ್ಷ ವೃತ್ತಿಯಲ್ಲಿದ್ದವರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನವಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2019ರ ಡಿಸೆಂಬರಿನಲ್ಲಿ ಅನೋಖಿಲಾಲ್ ಪ್ರಕರಣದಲ್ಲಿ ಹೇಳಿತು. ಅಸಮರ್ಥ ವಕೀಲಿಕೆ ನ್ಯಾಯಯುತ ವಿಚಾರಣೆಯನ್ನೇ ಕೆಡಿಸುತ್ತದೆಂದು ಒಪ್ಪಿಕೊಂಡ ಹಾಗಾಯಿತು. ಆದರೆ ಹಳೆಯ ಸಂಹಿತೆಯಡಿ ಕಳೆದ ಹತ್ತು ವರ್ಷ, ಹೊಸ ಸಂಹಿತೆ ಗೊತ್ತೆಂಬುದಕ್ಕೆ ಸಾಕ್ಷಿಯಾಗಲಾರದು. ಪಟ್ಟಿಯನ್ನು ಮೂರು ವರ್ಷಕ್ಕೊಮ್ಮೆ ಪುನರ್‌ರಚಿಸುವ ವ್ಯವಸ್ಥೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2010ರ ವಿನಿಯಮಗಳಲ್ಲೇ ಇದೆ. ಮುಂದಿನ ಸಲ ಪಟ್ಟಿ ಮಾಡುವಾಗ ಜಿಲ್ಲಾ ಪ್ರಾಧಿಕಾರಗಳು ಪ್ರತಿ ಅರ್ಜಿದಾರರಿಂದ ಎರಡು ಕಾಗದ ಕೇಳಲಿ: 479ನೇ ಕಲಂ ಅಡಿ ಬಿಡುಗಡೆಯ ಒಂದು ಅರ್ಜಿ, ಸರಿಯಾಗಿ ತುಂಬಿದ 63ನೇ ಕಲಂನ ಒಂದು ಪ್ರಮಾಣಪತ್ರ. ಬರೆಯಲು ಬಾರದವರನ್ನು ಹೊರಗಿಡುವುದು ಬೇಡ, ಕೂರಿಸಿ ಕಲಿಸಿ ಆಮೇಲೆ ಪಟ್ಟಿಗೆ ಸೇರಿಸಲಿ. ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಕಿಲ್ಲ, ಪರಿಷತ್ತಿನ ನಿರ್ಣಯವೂ ಬೇಕಿಲ್ಲ.